ಠಾಣೆಯ ಮೆಟ್ಟಿಲು ಹತ್ತುವ ಮೊದಲು

ಕ್ರಿಮಿನಲ್ ಮೊಕದ್ದಮೆ ಎಂದೊಡನೆ ಜನರ ಕಣ್ಣಮುಂದೆ ಬರುವುದು ನ್ಯಾಯಾಲಯದ ಕಟಕಟೆ ಮತ್ತು ಕರಿಕೋಟು ತೊಟ್ಟ ವಕೀಲರ ಪಾಟೀಸವಾಲು. ಆದರೆ ಬಹುಪಾಲು ಪ್ರಕರಣಗಳು ರೂಪ ತಳೆಯುವುದು ಅದಕ್ಕೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೊದಲು, ಪೊಲೀಸ್ ಠಾಣೆಯಲ್ಲಿ. ಯಾರು ಸಾಕ್ಷಿ, ಯಾರು ಆರೋಪಿ, ಯಾವ ವಸ್ತು ಎಲ್ಲಿ ಯಾರ ಸಮ್ಮುಖದಲ್ಲಿ ಸಿಕ್ಕಿತು, ಯಾರು ಯಾವ ಹೊತ್ತಿನಲ್ಲಿ ಏನು ಹೇಳಿದರು ಎಂಬುದೆಲ್ಲ ಅಲ್ಲಿಯೇ ಬರಹಕ್ಕಿಳಿದು ಕಡತವಾಗುತ್ತದೆ, ಮುಂದೆ ಜಾಮೀನು ಅರ್ಜಿಯ ಮೇಲಿರಲಿ, ಆರೋಪ ನಿಗದಿಯ ಹಂತದಲ್ಲಿರಲಿ, ನ್ಯಾಯಾಧೀಶರು ಘಟನೆಯನ್ನು ಮೊದಲು ನೋಡುವುದು ಆ ಕಡತದ ಮೂಲಕವೇ. ಹೀಗಿದ್ದರೂ ವಕೀಲರ ಹುಡುಕಾಟ ಸಾಮಾನ್ಯವಾಗಿ ಆರಂಭವಾಗುವುದು ಮನೆಯವರೊಬ್ಬರ ಬಂಧನವಾದ ಮೇಲೆ. ಎಷ್ಟೋ ಕುಟುಂಬಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ನ್ಯಾಯಾಲಯದಿಂದ ಸಮನ್ಸ್ ಬಂದ ಮೇಲೆ.

ಈ ವಿಳಂಬಕ್ಕೆ ಹಣದ ಮುಗ್ಗಟ್ಟು ಒಂದು ಕಾರಣ ಹೌದಾದರೂ ಅದಕ್ಕಿಂತ ಆಳವಾಗಿ ಬೇರುಬಿಟ್ಟಿರುವುದು ಕೆಲವು ನಂಬಿಕೆಗಳು. ತಪ್ಪು ಮಾಡದವನಿಗೆ ವಕೀಲರೇಕೆ ಎಂಬುದು ಒಂದು. ವಕೀಲರನ್ನು ಕರೆದುಕೊಂಡು ಹೋದರೆ ಪೊಲೀಸರ ಅನುಮಾನ ಇನ್ನಷ್ಟು ಬಲಿಯುತ್ತದೆ ಎಂಬುದು ಇನ್ನೊಂದು. ಊರಿನ ಪ್ರಭಾವಿಗಳೊಬ್ಬರಿಂದ ಠಾಣೆಗೆ ಫೋನು ಮಾಡಿಸಿದರೆ ಮಾತಿನಲ್ಲೇ ಎಲ್ಲ ಮುಗಿದುಹೋಗುತ್ತದೆ ಎಂಬುದು ಮೂರನೆಯದು. ಇವುಗಳಲ್ಲಿ ಹೆಚ್ಚು ಅಪಾಯಕಾರಿಯಾದುದು ಮೂರನೆಯದೇ, ಏಕೆಂದರೆ ಪ್ರಭಾವಿಯ ಮಾತು ಎಲ್ಲಿಯೂ ದಾಖಲಾಗುವುದಿಲ್ಲ, ಠಾಣಾಧಿಕಾರಿಯ ವರ್ಗಾವಣೆಯಾದರೆ ಅಥವಾ ದೂರುದಾರರು ಮೇಲಧಿಕಾರಿಯ ಬಳಿಗೆ ಹೋದರೆ ಆ ಮಾತಿಗೆ ಬೆಲೆಯಿರುವುದಿಲ್ಲ. ವಕೀಲರು ಬರೆದುಕೊಟ್ಟ ಒಂದು ಪುಟದ ಉತ್ತರವಾದರೋ ಸ್ವೀಕೃತಿಯ ಮುದ್ರೆಯೊಂದಿಗೆ ವರ್ಷಗಳ ನಂತರವೂ ನ್ಯಾಯಾಲಯದ ಮುಂದೆ ನಿಲ್ಲುತ್ತದೆ. ತನಿಖೆಯ ಆರಂಭದಲ್ಲಿ ವಕೀಲರ ಮುಖ್ಯ ಕೆಲಸ ವಾದ ಮಾಡುವುದಲ್ಲ, ನಡೆದದ್ದು ನಡೆದಂತೆ ದಾಖಲಾಗುವಂತೆ ನೋಡಿಕೊಳ್ಳುವುದು.

ಈ ನೆರವನ್ನು ಪಡೆಯುವುದು ಸಂವಿಧಾನ ಕೊಟ್ಟ ಹಕ್ಕು. 22ನೇ ವಿಧಿಯ 1ನೇ ಖಂಡವು ಬಂಧಿತ ವ್ಯಕ್ತಿಗೆ ಬಂಧನದ ಕಾರಣಗಳನ್ನು ಆದಷ್ಟು ಬೇಗ ತಿಳಿಸಬೇಕು, ತನ್ನ ಆಯ್ಕೆಯ ವಕೀಲರನ್ನು ಸಂಪರ್ಕಿಸುವ ಮತ್ತು ಅವರ ಮೂಲಕ ಸಮರ್ಥಿಸಿಕೊಳ್ಳುವ ಹಕ್ಕನ್ನು ನಿರಾಕರಿಸಬಾರದು ಎನ್ನುತ್ತದೆ. ಸಂವಿಧಾನ ರಚನಾಸಭೆಯಲ್ಲಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ವಿಧಿಯಿಂದ ನ್ಯಾಯಯುತ ಪ್ರಕ್ರಿಯೆಯ ಖಾತರಿಯನ್ನು ಕೈಬಿಟ್ಟದ್ದರ ಬಗ್ಗೆ ತೀವ್ರ ಅಸಮಾಧಾನ ವ್ಯಕ್ತವಾದಾಗ, ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡಲೆಂದು ಡಾ. ಬಿ.ಆರ್. ಅಂಬೇಡ್ಕರ್ 1949ರ ಸೆಪ್ಟೆಂಬರಿನಲ್ಲಿ ಮಂಡಿಸಿದ ತಿದ್ದುಪಡಿಯೇ ಈ ವಿಧಿಯ ಮೂಲ. ಇದರ ಜೊತೆಗೆ ಓದಬೇಕಾದುದು 20ನೇ ವಿಧಿಯ 3ನೇ ಖಂಡ: ಅಪರಾಧದ ಆರೋಪ ಹೊತ್ತ ಯಾರನ್ನೂ ತಮ್ಮ ವಿರುದ್ಧ ತಾವೇ ಸಾಕ್ಷಿಯಾಗುವಂತೆ ಬಲವಂತಪಡಿಸಲಾಗದು. ಒಂದು ಹಕ್ಕು ಮೌನದ್ದು, ಇನ್ನೊಂದು ಸಲಹೆಯದು. ಎರಡನೆಯದಿಲ್ಲದೆ ಮೊದಲನೆಯದನ್ನು ಎಲ್ಲಿ, ಎಷ್ಟರಮಟ್ಟಿಗೆ ಬಳಸಬೇಕೆಂಬುದು ಸಾಮಾನ್ಯರಿಗೆ ತಿಳಿಯುವುದು ಕಷ್ಟ.

2024ರ ಜುಲೈ 1ರಿಂದ ದೇಶದಲ್ಲಿ ಅಪರಾಧ ತನಿಖೆ ನಡೆಯುತ್ತಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನು ಇದು. ಕೊಲೆ, ದರೋಡೆ, ವಂಚನೆಯಂತಹ, ವಾರಂಟ್ ಇಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧದ ಮಾಹಿತಿ ಠಾಣೆಗೆ ಬಂದಾಗ 173ನೇ ಕಲಮಿನಡಿ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ದಾಖಲಾಗುತ್ತದೆ. ಮೂರು ವರ್ಷಕ್ಕಿಂತ ಕಡಿಮೆಯಿಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸುವ ಅವಕಾಶವನ್ನು ಹೊಸ ಸಂಹಿತೆ ನೀಡಿದೆ. ಹಣಕಾಸಿನ ತಗಾದೆ, ಪಾಲುದಾರಿಕೆಯ ಒಡಕು, ಜಮೀನಿನ ಕ್ರಯಪತ್ರದ ಜಗಳ ಇವೆಲ್ಲ ಕ್ರಿಮಿನಲ್ ದೂರಿನ ರೂಪದಲ್ಲಿ ಠಾಣೆಗೆ ಬರುವುದು ಹೆಚ್ಚಾಗಿರುವಾಗ ಈ 14 ದಿನಗಳು ಬಹಳ ಮುಖ್ಯವಾದವು. ವ್ಯವಹಾರದ ಕರಾರುಪತ್ರ, ಬ್ಯಾಂಕ್ ವಿವರ, ಎರಡೂ ಕಡೆಯವರ ಪತ್ರಗಳನ್ನು ಕ್ರಮವಾಗಿ ಜೋಡಿಸಿ ಇದು ಸಿವಿಲ್ ವ್ಯಾಜ್ಯವೇ ಹೊರತು ಅಪರಾಧವಲ್ಲವೆಂದು ವಕೀಲರು ಈ ಹಂತದಲ್ಲೇ ಲಿಖಿತವಾಗಿ ತೋರಿಸಿಕೊಟ್ಟರೆ ಎಫ್‌ಐಆರ್ ದಾಖಲಾಗದೆಯೇ ವಿಷಯ ಮುಗಿಯುವ ಸಾಧ್ಯತೆಯಿದೆ. ಎಫ್‌ಐಆರ್ ಆಗಿದೆಯೋ ಇಲ್ಲವೋ ಎಂದು ತಿಳಿಯದೆ ಕಂಗಾಲಾಗುವ ಅಗತ್ಯವೂ ಇಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಗಳಲ್ಲಿ ಪೊಲೀಸ್ ಜಾಲತಾಣಕ್ಕೆ ಏರಿಸಬೇಕು, ತನ್ನ ಹೆಸರಿದೆಯೆಂಬ ಶಂಕೆಯುಳ್ಳವರು ಪ್ರತಿನಿಧಿಯ ಮೂಲಕ ಅರ್ಜಿ ಸಲ್ಲಿಸಿದರೆ ದೃಢೀಕೃತ ಪ್ರತಿ ನೀಡಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿಯೇ ಆದೇಶಿಸಿದೆ.

ಎಫ್‌ಐಆರ್ ಆದೊಡನೆ ಬಂಧನವಾಗಲೇಬೇಕೆಂಬ ಭಾವನೆ ಇಂದಿಗೂ ವ್ಯಾಪಕವಾಗಿದೆ. 1994ರಲ್ಲಿ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧಿಸುವ ಅಧಿಕಾರವಿರುವುದು ಬೇರೆ, ಅದನ್ನು ಚಲಾಯಿಸಲು ಸಮರ್ಥನೆಯಿರುವುದು ಬೇರೆ ಎಂದು ಸ್ಪಷ್ಟಪಡಿಸಿತು. ವಿಚಾರಿಸುವುದಿದೆಯೆಂದು ಗಾಜಿಯಾಬಾದಿನ ಪೊಲೀಸರು ಕರೆಸಿಕೊಂಡು ಮನೆಯವರಿಗೆ ಸುಳಿವು ಸಿಗದಂತೆ ದಿನಗಟ್ಟಲೆ ಇರಿಸಿಕೊಂಡಿದ್ದು ಒಬ್ಬ ಯುವ ವಕೀಲನನ್ನೇ ಎಂಬುದನ್ನು ಗಮನಿಸಿದರೆ, ಕಾನೂನು ತಿಳಿಯದವರ ಪಾಡೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸುವುದನ್ನು ತಡೆಯಿತು. ಅಂತಹ ಪ್ರಕರಣಗಳಲ್ಲಿ ಬಂಧನ ಅಗತ್ಯವಿಲ್ಲವೆನಿಸಿದಾಗ ಈಗ ಸಂಹಿತೆಯ 35ನೇ ಕಲಮಿನ 3ನೇ ಉಪಕಲಮಿನಡಿ ಹಾಜರಾಗುವಂತೆ ನೋಟಿಸ್ ಕೊಡಬೇಕಾಗುತ್ತದೆ.

ಈ ನೋಟಿಸನ್ನು ಹತ್ತಿರದಿಂದ ನೋಡುವುದು ಲೇಸು. ಅದು ಹೆಚ್ಚೆಂದರೆ ಒಂದು ಪುಟದ ಕಾಗದ. ಅಪರಾಧ ಸಂಖ್ಯೆ, ಕಲಮುಗಳು, ಹಾಜರಾಗಬೇಕಾದ ದಿನ ಮತ್ತು ವೇಳೆ, ಸಾಕ್ಷ್ಯ ನಾಶ ಮಾಡಬಾರದು, ಸಾಕ್ಷಿಗಳನ್ನು ಬೆದರಿಸಬಾರದು ಎಂಬಂತಹ ಷರತ್ತುಗಳು, ಕೆಳಗೆ ತನಿಖಾಧಿಕಾರಿಯ ಸಹಿ. ಇದನ್ನು ಪಾಲಿಸುತ್ತಿರುವವರನ್ನು, ಅಧಿಕಾರಿ ಕಾರಣಗಳನ್ನು ಬರೆದಿಟ್ಟ ಹೊರತು, ಅದೇ ಅಪರಾಧಕ್ಕಾಗಿ ಬಂಧಿಸುವಂತಿಲ್ಲ. ಪಾಲಿಸದಿದ್ದರೆ ಬಂಧನಕ್ಕೆ ದಾರಿ ತೆರೆಯುತ್ತದೆ. ಆದ್ದರಿಂದ ಪಾಲಿಸಿದ್ದಕ್ಕೆ ಪುರಾವೆ ಇರಬೇಕಾದುದು ನೋಟಿಸ್ ಪಡೆದವರ ಬಳಿ. ಠಾಣೆಗೆ ಹೋಗಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತು, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂಬ ಮಾತು ಕೇಳಿ ಬರಿಗೈಯಲ್ಲಿ ಹಿಂದಿರುಗಿದವರು ಆ ದಿನ ಹಾಜರಾಗಿದ್ದರೆಂಬುದಕ್ಕೆ ಆಧಾರವೇ ಉಳಿದಿರುವುದಿಲ್ಲ. ವಕೀಲರಿದ್ದಲ್ಲಿ ಹಾಜರಾತಿಯನ್ನು ತಿಳಿಸುವ ಪತ್ರ ಮೊದಲೇ ಸಿದ್ಧವಾಗಿರುತ್ತದೆ, ಅದರ ನಕಲಿನ ಮೇಲೆ ಠಾಣೆಯ ಮುದ್ರೆ ಬೀಳುತ್ತದೆ, ಮುದ್ರೆ ಕೊಡದಿದ್ದರೆ ಅದೇ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ. ಅನಾರೋಗ್ಯದಿಂದ ಬರಲಾಗದಿದ್ದರೆ ವೈದ್ಯರ ಪ್ರಮಾಣಪತ್ರದೊಂದಿಗೆ ಬೇರೆ ದಿನ ಕೋರುವ ಮನವಿ ಹೋಗುತ್ತದೆ. ಇಂತಹ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದರೆ ಸಾಲದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಜವಾದರೂ, ಮೊಬೈಲಿಗೆ ಬಂದ ನೋಟಿಸನ್ನು ಕಡೆಗಣಿಸಿ ಸುಮ್ಮನಿರುವುದು ಜಾಣತನವಲ್ಲ. ಅದನ್ನು ವಕೀಲರಿಗೆ ತೋರಿಸಿ ಉತ್ತರ ಕೊಡಿಸುವುದೇ ಸರಿಯಾದ ದಾರಿ.

ಎಲ್ಲರನ್ನೂ ಆರೋಪಿಯೆಂದೇ ಠಾಣೆಗೆ ಕರೆಯುವುದಿಲ್ಲ. ಹಲವರಿಗೆ ಮೊದಲು ಬರುವುದು 179ನೇ ಕಲಮಿನಡಿ ಸಾಕ್ಷಿಯಾಗಿ ಹಾಜರಾಗುವ ಸೂಚನೆ. ಹೆಂಗಸರು, 15 ವರ್ಷದೊಳಗಿನ ಅಥವಾ 60 ವರ್ಷ ಮೀರಿದ ಗಂಡಸರು, ಅಂಗವಿಕಲರು, ತೀವ್ರ ಅಸ್ವಸ್ಥರು ಇವರನ್ನು ತಾವು ವಾಸಿಸುವ ಸ್ಥಳವಲ್ಲದೆ ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ ಎಂಬುದು ಎಷ್ಟೋ ಮನೆಗಳಿಗೆ ತಿಳಿಯದು. ಸಾಕ್ಷಿಯಾಗಿ ಹೋದವರು ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅನುಮಾನಿತರಾಗಿ, ವಾರ ಕಳೆಯುವುದರೊಳಗೆ ಆರೋಪಿಗಳ ಪಟ್ಟಿಗೆ ಸೇರುವುದು ಅಪರೂಪವಲ್ಲ, ವಿಶೇಷವಾಗಿ ಕಂಪನಿ, ಸಹಕಾರ ಸಂಘ, ಬ್ಯಾಂಕುಗಳ ವಂಚನೆಯ ತನಿಖೆಗಳಲ್ಲಿ, ಅಲ್ಲಿ ಲೆಕ್ಕ ಬರೆದ ಗುಮಾಸ್ತರಿಂದ ಹಿಡಿದು ಚೆಕ್ಕಿಗೆ ಸಹಿ ಹಾಕಿದ ನಿರ್ದೇಶಕರವರೆಗೆ ಪ್ರತಿಯೊಬ್ಬರೂ ಎರಡೂ ಪಾತ್ರಗಳ ನಡುವೆ ನಿಂತಿರುತ್ತಾರೆ. 180ನೇ ಕಲಮು ಪೊಲೀಸರ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಬೇಕೆಂದು ವಿಧಿಸುವಾಗಲೇ ಉತ್ತರಿಸುವವರನ್ನು ಕ್ರಿಮಿನಲ್ ಆರೋಪಕ್ಕೆ ಗುರಿಮಾಡಬಲ್ಲ ಪ್ರಶ್ನೆಗಳನ್ನು ಅದರಿಂದ ಹೊರಗಿಟ್ಟಿದೆ. ಮುಂದಿನ ಕಲಮು, ಹೀಗೆ ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಹಾಕಿಸಬಾರದು ಎನ್ನುತ್ತದೆ. ಸಹಿ ಕೇಳಿದರೆ ಹಾಕಬೇಕೇ, ಯಾವ ಪ್ರಶ್ನೆಗೆ ನೆನಪಿಲ್ಲ ಎನ್ನುವುದು ನಿಜವಾದ ಉತ್ತರ, ಯಾವ ದಾಖಲೆಯನ್ನು ನೋಡಿಯೇ ಉತ್ತರಿಸುವುದು ಒಳಿತು ಎಂಬುದನ್ನು ಅರ್ಧ ಗಂಟೆ ಕುಳಿತು ವಿವರಿಸಬಲ್ಲ ವಕೀಲರನ್ನು ಠಾಣೆಗೆ ಹೋಗುವ ಮೊದಲೇ ಕಂಡಿರಬೇಕು. ಹೇಳಿಕೆ ಕೊಟ್ಟು ಬಂದ ಮೇಲೆ ಆ ಸಲಹೆ ಕಡತದಲ್ಲಿರುವ ಒಂದು ವಾಕ್ಯವನ್ನೂ ಬದಲಿಸಲಾರದು.

ಪ್ರಶ್ನಿಸುವ ಹೊತ್ತಿನಲ್ಲಿ ವಕೀಲರು ಪಕ್ಕದಲ್ಲಿ ಕೂರಬಹುದೇ ಎಂಬ ವಿಚಾರದಲ್ಲಿ ಭಾರತದ ಕಾನೂನು ಉದಾರವಾಗಿಲ್ಲ. ಒಡಿಶಾದ ಮಾಜಿ ಮುಖ್ಯಮಂತ್ರಿಯೂ ಒಡಿಯಾ ಲೇಖಕಿಯೂ ಆಗಿದ್ದ ನಂದಿನಿ ಸತ್ಪತಿ ಅವರನ್ನು 1977ರಲ್ಲಿ ಅಕ್ರಮ ಆಸ್ತಿಯ ತನಿಖೆಗೆ ಸಂಬಂಧಿಸಿ ಠಾಣೆಗೆ ಕರೆದು ಲಿಖಿತ ಪ್ರಶ್ನಾವಳಿ ಕೊಡಲಾಯಿತು. ಅವರು ಉತ್ತರಿಸಲು ನಿರಾಕರಿಸಿದ್ದಕ್ಕೆ ಅವರ ಮೇಲೆಯೇ ಪ್ರಕರಣ ಹೂಡಲಾಯಿತು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಮೌನದ ಹಕ್ಕು ನ್ಯಾಯಾಲಯದ ಕಟಕಟೆಯಲ್ಲಷ್ಟೇ ಅಲ್ಲ, ಪೊಲೀಸ್ ಪ್ರಶ್ನೆಗಳ ಹಂತದಿಂದಲೇ ಅನ್ವಯಿಸುತ್ತದೆಂದು ಹೇಳಿ, ಆರೋಪಿ ಬಯಸಿದರೆ ವಕೀಲರನ್ನು ಜೊತೆಯಲ್ಲಿರಲು ಬಿಡಬೇಕೆಂಬ ವಿಶಾಲ ನಿಲುವು ತಳೆಯಿತು. 1996ರ ಡಿ.ಕೆ. ಬಸು ತೀರ್ಪಿನ 11 ಸೂಚನೆಗಳಲ್ಲಿ ಈ ನಿಲುವು ಕಿರಿದಾಯಿತು; ಅದೇ ಇಂದು ಸಂಹಿತೆಯ 38ನೇ ಕಲಮಾಗಿ, ಬಂಧಿತರು ಪ್ರಶ್ನಿಸುವ ಅವಧಿಯಲ್ಲಿ ತಮ್ಮ ಆಯ್ಕೆಯ ವಕೀಲರನ್ನು ಭೇಟಿಯಾಗಬಹುದು, ಆದರೆ ಆ ಅವಧಿಯುದ್ದಕ್ಕೂ ಅಲ್ಲ, ಎಂಬ ಮಾತಾಗಿ ನಿಂತಿದೆ. ಕಂದಾಯ ಗುಪ್ತಚರ ಇಲಾಖೆಯ ಪ್ರಕರಣವೊಂದರಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ವಕೀಲರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಆದರೆ ಮಾತು ಕೇಳಿಸದಷ್ಟು ಅಂತರದಲ್ಲಿ ಇರಲು ಅನುಮತಿ ಕೊಟ್ಟಿತು. ಆ ಅಂತರದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ; ಏಟು ಬೀಳುವುದು, ರಾತ್ರಿಯಿಡೀ ಕೂರಿಸುವುದು ಇಂತಹವು ಹೊರಗಿನವರು ನೋಡುತ್ತಿರುವಾಗ ನಡೆಯುವುದಿಲ್ಲವಾದ್ದರಿಂದ ಪ್ರಯೋಜನ ನಿಜವಾಗಿಯೂ ಇದೆ. ಜಾರಿ ನಿರ್ದೇಶನಾಲಯದ ಮುಂದೆ ಕೊಡುವ ಹೇಳಿಕೆಗಳ ವಿಚಾರವಂತೂ ಇನ್ನೂ ಗಂಭೀರ, ಏಕೆಂದರೆ ಆ ಅಧಿಕಾರಿಗಳು ಪೊಲೀಸರಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿರುವುದರಿಂದ ಅವರು ಬರೆದುಕೊಂಡ, ಹೇಳಿದವರ ಸಹಿಯಿರುವ ಹೇಳಿಕೆ ಸಾಕ್ಷ್ಯವಾಗಿ ಬರಬಲ್ಲದು.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಹಾಗಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲವೆನ್ನುತ್ತದೆ. ಆದರೂ ಕರ್ನಾಟಕದ ಠಾಣೆಗಳ ಕಡತಗಳಲ್ಲಿ ‘ಸ್ವ-ಇಚ್ಛಾ ಹೇಳಿಕೆ’ ಎಂಬ ಶೀರ್ಷಿಕೆಯ ಪುಟಗಳು ಸಾಮಾನ್ಯ. ಅವುಗಳ ಬಹುಭಾಗಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಬೆಲೆಯಿರುವುದು ಕೊನೆಯಲ್ಲಿ ಬರುವ ಒಂದೆರಡು ಸಾಲುಗಳಿಗೆ, ನನ್ನನ್ನು ಕರೆದುಕೊಂಡು ಹೋದರೆ ಕೃತ್ಯಕ್ಕೆ ಬಳಸಿದ ವಸ್ತುವನ್ನು ಇಟ್ಟಿರುವ ಜಾಗವನ್ನು ತೋರಿಸಿಕೊಡುತ್ತೇನೆ ಎಂಬರ್ಥದ ಮಾತಿಗೆ. ಹಾಗೆ ಹೇಳಿದ್ದರಿಂದಲೇ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ; ಆಮೇಲೆ ಪಂಚರೆಂಬ ಇಬ್ಬರು ಸ್ಥಳ ಸಾಕ್ಷಿಗಳ ಸಮ್ಮುಖದಲ್ಲಿ ಮಹಜರು ನಡೆದು, ಕತ್ತಿಯೋ ಚಿನ್ನದ ಸರವೋ ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿಕೊಳ್ಳುತ್ತದೆ. ವಸ್ತು ಪೊಲೀಸರಿಗೆ ಮೊದಲೇ ಗೊತ್ತಿತ್ತೇ, ಪಂಚರು ನಿಜವಾಗಿಯೂ ಅಲ್ಲಿದ್ದರೇ, ಮಹಜರಿನ ವೇಳೆಯೂ ಬಂಧನದ ವೇಳೆಯೂ ಹೊಂದುತ್ತವೆಯೇ ಎಂಬ ಪ್ರಶ್ನೆಗಳ ಮೇಲೆ ಕೊಲೆ ಪ್ರಕರಣಗಳು ನಿಂತದ್ದೂ ಬಿದ್ದದ್ದೂ ಉಂಟು. ಈಗ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕು. ಮೊದಲ ದಿನದಿಂದ ಪ್ರಕರಣವನ್ನು ಹಿಂಬಾಲಿಸುತ್ತಿರುವ ವಕೀಲರು ಆ ಚಿತ್ರೀಕರಣ ಎಲ್ಲಿದೆಯೆಂದು ಕೂಡಲೇ ಲಿಖಿತವಾಗಿ ಕೇಳಬಲ್ಲರು, ಬರಿ ಹಾಳೆಯ ಮೇಲೆ ಸಹಿ ಮಾಡಿಸಿಕೊಂಡಿದ್ದರೆ ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೇ ಅದನ್ನು ಹೇಳಿಸಬಲ್ಲರು; ಎರಡು ವರ್ಷದ ನಂತರ ಬಂದ ವಕೀಲರು ಅದೇ ಮಾತೆತ್ತಿದರೆ ಅದು ನಂತರ ಹೊಳೆದ ಯುಕ್ತಿಯಂತೆ ಕಾಣಿಸುತ್ತದೆ.

ಮೊಬೈಲ್ ಫೋನು ಇಂದಿನ ತನಿಖೆಯ ಅತಿ ದೊಡ್ಡ ಸಾಕ್ಷ್ಯಪೆಟ್ಟಿಗೆ. ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಪರಿಶೀಲಿಸಿ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ ಅಲ್ಲವೆಂದೂ, ಆದರೆ ಆರೋಪಿ ಕೊಡಲೊಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದಿಂದ ಶೋಧ ವಾರಂಟ್ ಪಡೆಯಬೇಕೆಂದೂ ಹೇಳಿತು. ಎಲ್ಲ ನ್ಯಾಯಾಲಯಗಳೂ ಇದನ್ನು ಒಪ್ಪಿಲ್ಲ. ನಾರ್ಕೊ ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮಿದುಳು ನಕ್ಷೆ ಇವುಗಳನ್ನು ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತದ್ದೂ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿಯೇ. ಆ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ, ವಕೀಲರ ನೆರವು ಪಡೆಯಲು ಅವಕಾಶ ಕೊಟ್ಟು ದಾಖಲಿಸಬೇಕೆಂಬ ಮಾರ್ಗಸೂಚಿಯನ್ನು ನ್ಯಾಯಾಲಯ ಅನುಮೋದಿಸಿತು. ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕಾದುದು: ಹೆದರಿಕೆಯಿಂದ ಸಂದೇಶಗಳನ್ನು ಅಳಿಸುವುದು, ದೂರುದಾರರಿಗೆ ಫೋನು ಮಾಡಿ ಅಂಗಲಾಚುವುದು ಅಥವಾ ಗದರಿಸುವುದು ಇವೆರಡೂ ನಿರಪರಾಧಿಯನ್ನು ಅಪರಾಧಿಯಂತೆ ಕಾಣಿಸಿ, ಸಿಗಬಹುದಾಗಿದ್ದ ಜಾಮೀನನ್ನೂ ಕಳೆಯುತ್ತವೆ. ಪ್ರಾಮಾಣಿಕ ವಕೀಲರು ಮೊದಲ ಭೇಟಿಯಲ್ಲಿಯೇ ಇವನ್ನು ತಡೆಯುತ್ತಾರೆ. ಅಳಿಸಲು ಸಲಹೆ ಕೊಡುವವರ ಕಚೇರಿಯಿಂದ ಎದ್ದು ಬರುವುದೇ ಕ್ಷೇಮ.

ಬಂಧನದ ಭಯ ಆಧಾರವುಳ್ಳದ್ದಾದರೆ ಸಂಹಿತೆಯ 482ನೇ ಕಲಮಿನಡಿ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬಹುದು, ಬಂಧನವಾದಲ್ಲಿ ಜಾಮೀನಿನ ಮೇಲೆ ಬಿಡಬೇಕೆಂದು ಮುಂಗಡವಾಗಿ ಪಡೆಯುವ ಆದೇಶ ಇದು. ಎಫ್‌ಐಆರ್ ದಾಖಲಾಗಿರಲೇಬೇಕೆಂಬ ನಿಯಮವಿಲ್ಲ, ಆದರೆ ಬಂಧನವಾದ ಕ್ಷಣದಿಂದ ಈ ಪರಿಹಾರ ಇಲ್ಲವಾಗುತ್ತದೆ. ವಕೀಲರನ್ನು ಬೇಗ ಕಾಣುವುದರ ಅತ್ಯಂತ ನೇರವಾದ ಲಾಭ ಇದೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಂತಹ ಕಡೆ ಇದಕ್ಕೆ ನಿರ್ಬಂಧಗಳಿವೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ನೆಲೆಸಿರುವ ಕನ್ನಡಿಗರ ಮೇಲೆ ಊರಿನ ಠಾಣೆಯಲ್ಲಿ ಎಫ್‌ಐಆರ್ ಆದರೆ, ಅವರಿರುವ ಊರಿನ ನ್ಯಾಯಾಲಯವೇ ಸೀಮಿತ ಅವಧಿಯ ರಕ್ಷಣೆ ಕೊಡಬಹುದೆಂದು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಹೇಳಿದೆ. ಆ ಅವಧಿಯೊಳಗೆ ಕರ್ನಾಟಕದ ನ್ಯಾಯಾಲಯಕ್ಕೆ ಬರಬೇಕಾಗುತ್ತದೆ.

ಬಂಧನವೇ ಆಗಿಹೋದರೆ ಗಡಿಯಾರ ಮುಖ್ಯವಾಗುತ್ತದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಕಾರಣಗಳನ್ನು ಎಲ್ಲ ಅಪರಾಧಗಳಲ್ಲೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು, ಕೂಡಲೇ ಸಾಧ್ಯವಾಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ತೀರ್ಮಾನಿಸಿದೆ; ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗಿರುವ ಕನ್ನಡಿಗರಿಗೂ, ಬೆಂಗಳೂರಿಗೆ ಬಂದಿರುವ ಒಡಿಶಾ, ಬಿಹಾರದ ಕೂಲಿಕಾರರಿಗೂ ಈ ಭಾಷೆಯ ಮಾತು ದೊಡ್ಡ ಆಸರೆ. ಆ ಎರಡು ಗಂಟೆಗಳಲ್ಲಿ ಕಾಗದ ಓದಿ, ಬಂಧನದ ವೇಳೆಯನ್ನು ಮನೆಯವರು ಹೇಳುವ ವೇಳೆಯೊಡನೆ ತಾಳೆ ನೋಡಿ, ಮೈಮೇಲೆ ಗಾಯವಿದ್ದರೆ ವೈದ್ಯಕೀಯ ತಪಾಸಣೆ ಕೋರಿ, ಪೊಲೀಸ್ ಕಸ್ಟಡಿಯ ಅರ್ಜಿಗೆ ಆಕ್ಷೇಪಣೆ ಹೇಳಬೇಕಾದವರು ವಕೀಲರು. ಹೊಸ ಸಂಹಿತೆಯ 187ನೇ ಕಲಮಿನಡಿ 15 ದಿನಗಳ ಪೊಲೀಸ್ ಕಸ್ಟಡಿಯನ್ನು ಒಮ್ಮೆಗೇ ಅಲ್ಲದೆ ಅಪರಾಧದ ಗುರುತ್ವಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದಾದ್ದರಿಂದ ಈ ಎಚ್ಚರ ಮೊದಲ ವಾರಕ್ಕೆ ಮುಗಿಯುವುದಿಲ್ಲ. ಅದೇ ಕಲಮಿನ ಪ್ರಕಾರ 60 ದಿನಗಳಲ್ಲಿ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನಗಳಲ್ಲಿ, ತನಿಖೆ ಮುಗಿಯದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ದೊರೆಯುತ್ತದೆ. ಆದರೆ ಅವಧಿ ಮುಗಿದ ಮೇಲೆ, ದೋಷಾರೋಪ ಪಟ್ಟಿ ಬರುವ ಮೊದಲು, ಅದನ್ನು ಕೇಳಬೇಕು. ಮೊದಲ ರಿಮಾಂಡಿನ ದಿನವೂ ಲೆಕ್ಕಕ್ಕೆ ಸೇರುತ್ತದೆಂದು 2023ರಲ್ಲಿ ತೀರ್ಮಾನವಾಯಿತು. ಒಂದು ದಿನದ ಲೆಕ್ಕ ತಪ್ಪಿದ್ದಕ್ಕೆ, ಅಥವಾ ಲೆಕ್ಕ ಇಡುವವರೇ ಇರದಿದ್ದಕ್ಕೆ, ಜನ ತಿಂಗಳುಗಟ್ಟಲೆ ಜೈಲಿನಲ್ಲಿ ಉಳಿಯುವುದು ಕಾನೂನಿನ ಪುಸ್ತಕದಲ್ಲಿ ಕಾಣದ ಕ್ರೌರ್ಯ.

ತನಿಖೆಯ ದಿನಗಳಲ್ಲಿ ಆರೋಪಿಗೆ ಅನುಕೂಲವಾದ ಸಾಕ್ಷ್ಯವೂ ಸವೆಯುತ್ತಿರುತ್ತದೆ. ಅಂಗಡಿ, ಟೋಲ್ ನಾಕೆ, ಲಾಡ್ಜುಗಳ ಸಿಸಿಟಿವಿ ಯಂತ್ರಗಳು ಕೆಲವು ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತವೆ. ಘಟನೆಯ ಹೊತ್ತಿಗೆ ತಾನು ಬೇರೆ ಊರಿನಲ್ಲಿದ್ದೆನೆಂದು ಹೇಳುವವನಿಗೆ ಆ ದೃಶ್ಯವೇ ಜೀವಾಳ. ಅದನ್ನು ಕಾಯ್ದಿಡುವಂತೆ ಮಾಲೀಕರಿಗೆ ಮತ್ತು ತನಿಖಾಧಿಕಾರಿಗೆ ಕೂಡಲೇ ಪತ್ರ ಬರೆದು, ಬೇಕಾದರೆ ನ್ಯಾಯಾಲಯದ ಆದೇಶ ಕೋರುವುದನ್ನು ಮುಂದಕ್ಕೆ ಹಾಕಲಾಗದು. ತನಿಖಾಧಿಕಾರಿಗೂ ಇದು ಉಪಕಾರವೇ. ಸತ್ಯ ಬೇರೆಡೆ ಇದ್ದರೆ ಅವರು ಸಲ್ಲಿಸಬೇಕಾದುದು ಕರ್ನಾಟಕದಲ್ಲಿ ‘ಬಿ ರಿಪೋರ್ಟ್’ ಎನ್ನುವ, ಪ್ರಕರಣ ಮುಕ್ತಾಯಗೊಳಿಸುವ ವರದಿಯನ್ನು, ಮತ್ತು ಅದಕ್ಕೂ ಆಧಾರ ಬೇಕು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ನಿವೃತ್ತ ನೌಕರರನ್ನೂ ಟೆಕ್ಕಿಗಳನ್ನೂ ದೋಚುತ್ತಿರುವ ‘ಡಿಜಿಟಲ್ ಅರೆಸ್ಟ್’ ವಂಚನೆಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ಬರುವ ವಂಚಕರು ಮೊದಲು ವಿಧಿಸುವ ಷರತ್ತೇ ಯಾರಿಗೂ ಹೇಳಬಾರದು, ಕರೆ ಕಡಿಯಬಾರದು ಎಂಬುದು. ಅಂತಹ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ನಿಜವಾದ ಬಂಧನದಲ್ಲಿ ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ, ವಕೀಲರನ್ನು ಕಾಣುವುದು ಬಂಧಿತರ ಹಕ್ಕು. ವಕೀಲರೊಂದಿಗೆ ಮಾತನಾಡಿಯೇ ಮುಂದಿನ ಮಾತು ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವಿದ್ದಿದ್ದರೆ ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು.

ವಕೀಲರಿಗೆ ಎಲ್ಲವನ್ನೂ ಹೇಳಬಹುದೇ ಎಂಬ ಅಳುಕು ಹಲವರಿಗಿದೆ. ಕಕ್ಷಿದಾರರು ವೃತ್ತಿ ಸಂಬಂಧದಲ್ಲಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಬಹಿರಂಗಪಡಿಸುವಂತಿಲ್ಲ ಎಂದು ಸಾಕ್ಷ್ಯ ಅಧಿನಿಯಮದ 132ನೇ ಕಲಮು ರಕ್ಷಣೆ ನೀಡಿದೆ. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಮಾತ್ರ ಆ ರಕ್ಷಣೆಯಿಲ್ಲ. ಅರ್ಧಸತ್ಯ ಕೇಳಿದ ವಕೀಲರು ಕೊಡುವ ಸಲಹೆಯೂ ಅರ್ಧವೇ ಆಗಿರುತ್ತದೆ.

ಇನ್ನು, ಸಮಾಜದ ಸಿಟ್ಟು ಯಾರ ಮೇಲಿದೆಯೋ ಅವರಿಗೆ ವಕೀಲರೇ ಸಿಗದ ಸ್ಥಿತಿ. ಇಂತಹ ಆರೋಪಿಯ ಪರ ವಕಾಲತ್ತು ವಹಿಸುವುದಿಲ್ಲವೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದ್ದರೂ, 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂತಹ ನಿರ್ಣಯ ಹೊರಬಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಆಕ್ಷೇಪಿಸಿ, ಜಾಮೀನು ಅರ್ಜಿ ಹಾಕಲು ಬಂದ ಬೆಂಗಳೂರಿನ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಬೇಕಾಯಿತು. ಆರೋಪ ಎಷ್ಟು ಘೋರವೋ ಅಷ್ಟು ಬೇಗ ವಕೀಲರು ಬೇಕು, ಏಕೆಂದರೆ ಸಾರ್ವಜನಿಕ ಒತ್ತಡದಲ್ಲಿ ಅವಸರದ ತನಿಖೆ ತಪ್ಪು ವ್ಯಕ್ತಿಯನ್ನು ಹಿಡಿದು ನಿಜವಾದ ಅಪರಾಧಿಯನ್ನು ಬಿಟ್ಟುಬಿಡುವ ಸಾಧ್ಯತೆ ಇಂತಹ ಪ್ರಕರಣಗಳಲ್ಲೇ ಹೆಚ್ಚು. ಅದರಿಂದ ನೊಂದವರಿಗೂ ನ್ಯಾಯ ತಪ್ಪುತ್ತದೆ.

ಹಣವಿಲ್ಲದವರಿಗಾಗಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಿದೆ. ಕಣ್ಣು ಕಳೆದುಕೊಂಡ ಭಾಗಲ್ಪುರದ ಬಂಧಿತರ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್, ಉಚಿತ ಕಾನೂನು ನೆರವಿನ ಹಕ್ಕು ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗಿನಿಂದಲೇ ಆರಂಭವಾಗುತ್ತದೆಂದು ಹೇಳಿತು. ಆ ಹಕ್ಕನ್ನು ಬಂಧಿತರಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕಡ್ಡಾಯ ಕರ್ತವ್ಯವೆಂದು 2012ರ ಕಸಬ್ ತೀರ್ಪು ಸೇರಿಸಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2019ರಲ್ಲಿ ರೂಪಿಸಿದ ಚೌಕಟ್ಟು ಇನ್ನೂ ಹಿಂದಕ್ಕೆ ಹೋಗಿ, ಬಂಧನಕ್ಕೆ ಮೊದಲು ಠಾಣೆಗೆ ಕರೆಸಿಕೊಂಡವರಿಗೂ ವಕೀಲರ ನೆರವು ಒದಗಬೇಕೆನ್ನುತ್ತದೆ. ಆದರೆ ಕಾನೂನು ನೆರವಿನ ವಕೀಲರು ಕಕ್ಷಿದಾರರನ್ನು ಮೊದಲು ಕಾಣುವುದು ಬಹುಮಟ್ಟಿಗೆ ಇಂದಿಗೂ ರಿಮಾಂಡಿನ ದಿನ ನ್ಯಾಯಾಲಯದ ಮೊಗಸಾಲೆಯಲ್ಲಿ, ಕೇಸು ಕೂಗುವ ಕೆಲವೇ ನಿಮಿಷಗಳ ಮುಂಚೆ. ಈ ಅಂತರವನ್ನು ಮುಚ್ಚಲು ಮನೆಯವರು ತಾವೇ ಮುಂದಾಗಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಡಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು. ಕರೆದೊಯ್ಯಲಾದವರ ಹೆಸರು, ಯಾವ ಠಾಣೆಯವರು, ಎಷ್ಟು ಹೊತ್ತಿಗೆ, ಎಲ್ಲಿಂದ ಕರೆದೊಯ್ದರು ಎಂಬಷ್ಟನ್ನು ತಿಳಿಸಿದರೆ ಕೆಲಸ ಆರಂಭವಾಗುತ್ತದೆ, ಕ್ರೈಂ ನಂಬರನ್ನು ವಕೀಲರೇ ಹುಡುಕಿಕೊಳ್ಳುತ್ತಾರೆ.